ಓದುಗರ ಪ್ರಶ್ನೆ: ಯುದ್ಧಕಾಲದ ಕಾರ್ಟೂನು, ಶಾಲೆಯ ಸೊಳ್ಳೆ ಚಿತ್ರ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸ್ಟುಡಿಯೋಗಳು ಸೈನ್ಯಕ್ಕೆ ಕಾರ್ಟೂನ್ ಮಾಡಿಕೊಟ್ಟವಂತೆ. ಸೈನಿಕರಿಗೆ ಕಲಿಸಲು ಮಾಮೂಲಿ ಸಿನಿಮಾ ಸಾಲದಿತ್ತೇ? (ಓದುಗರೊಬ್ಬರು, ಬಳ್ಳಾರಿ)

ಉತ್ತರ: ಕ್ಯಾಮೆರಾಕ್ಕೆ ಕಾಣುವುದು ಮೇಲ್ಭಾಗ ಮಾತ್ರ. ಬಂದೂಕಿನೊಳಗೆ ತೋಟಾ ಹೇಗೆ ಸರಿಯುತ್ತದೆ, ಎರಡು ತಗಡುಗಳ ನಡುವೆ ರಿವೆಟ್ ಹೇಗೆ ಕೂರುತ್ತದೆ ಎಂಬುದನ್ನು ಲೋಹ ಸೀಳದೆ ತೋರಿಸಲಾಗದು. ಬರೆದ ಚಿತ್ರದಲ್ಲಿ ಒಂದು ಪಕ್ಕ ತೆಗೆದಿಟ್ಟು ಒಳಗಿನದನ್ನು ನಿಧಾನವಾಗಿ ಓಡಿಸಬಹುದು. ಮೊದಲ ಮಹಾಯುದ್ಧದಲ್ಲೇ ಅಮೆರಿಕದ ಕಾರ್ಟೂನ್ ಚಿತ್ರಕಾರ ಮ್ಯಾಕ್ಸ್ ಫ್ಲೈಷರ್ ಒಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿ ಸೈನ್ಯಕ್ಕೆ ಇಂಥ ಚಿತ್ರ ಮಾಡಿಕೊಟ್ಟಿದ್ದರು. ಡಿಸ್ನಿ ಸ್ಟುಡಿಯೋ ವಿಮಾನ ಕಾರ್ಖಾನೆಯ ಕೆಲಸಗಾರರಿಗಾಗಿ ರಿವೆಟ್ ಬಡಿಯುವ ನಾಲ್ಕು ವಿಧಾನಗಳ ಚಿತ್ರ ಮಾಡಿತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಬೆನ್ನಿಗೇ ಬರ್ಬ್ಯಾಂಕ್‌ನ ಆ ಸ್ಟುಡಿಯೋದೊಳಗೆ ವಿಮಾನ ನಿರೋಧಕ ಪಡೆಯೇ ಬಂದು ತಿಂಗಳುಗಟ್ಟಲೆ ಬೀಡುಬಿಟ್ಟಿತು.

ಕಲಿಸುವುದರಲ್ಲಿ ಎಲ್ಲಕ್ಕಿಂತ ಜಾಣತನ ಕಾಣುವುದು 1943ರಿಂದ 1945ರವರೆಗೆ ಸೈನಿಕರಿಗಾಗಿ ಬಂದ ‘ಪ್ರೈವೇಟ್ ಸ್ನಾಫು’ ಕಾರ್ಟೂನ್ ಸರಣಿಯಲ್ಲಿ. ಬಹುಪಾಲು ಕಂತುಗಳನ್ನು ತಯಾರಿಸಿದ್ದು ವಾರ್ನರ್ ಬ್ರದರ್ಸ್‌ನ ಕಾರ್ಟೂನ್ ವಿಭಾಗ. ಅದರ ಸಿಪಾಯಿ ಗುಟ್ಟು ಬಾಯಿಬಿಡುತ್ತಾನೆ, ಸೊಳ್ಳೆಯ ಬಗ್ಗೆ ಎಚ್ಚರ ತಪ್ಪುತ್ತಾನೆ, ಅದಕ್ಕೆ ತಕ್ಕದ್ದನ್ನು ಅನುಭವಿಸುತ್ತಾನೆ. ‘ಹೀಗೆ ಮಾಡಿ’ ಎಂಬ ಉಪದೇಶಕ್ಕಿಂತ ‘ಹೀಗೆ ಮಾಡಿದವನ ಗತಿ ನೋಡಿ’ ಎಂಬುದು ಸಿಪಾಯಿಗಳ ತಲೆಗೆ ಬೇಗ ಹತ್ತುತ್ತದೆ.

ಪ್ರಶ್ನೆ: ಯುದ್ಧಕಾಲದಲ್ಲಿ ಮಲೇರಿಯಾ ಬಗ್ಗೆ ಬಂದ ಕಾರ್ಟೂನಿನ ಮಾದರಿಯಲ್ಲಿ ನಮ್ಮ ಹೈಸ್ಕೂಲ್ ಮಕ್ಕಳಿಂದ 20 ಸೆಕೆಂಡಿನ ಚಿತ್ರ ಮಾಡಿಸಬೇಕೆಂದಿದ್ದೇವೆ. ಇರುವುದು ಒಂದು ಮೊಬೈಲ್ ಮಾತ್ರ. ಸುತ್ತ ಎಡದಂಡೆ ಕಾಲುವೆ, ಭತ್ತದ ಗದ್ದೆ. ಎಷ್ಟು ಚಿತ್ರ ಬೇಕು, ಏನು ಎಚ್ಚರ ವಹಿಸಬೇಕು? (ವಿಜ್ಞಾನ ಶಿಕ್ಷಕರು, ಗಂಗಾವತಿ)

ಉತ್ತರ: ನೀವು ಹೇಳುತ್ತಿರುವುದು ಡಿಸ್ನಿಯ 1943ರ ‘ದಿ ವಿಂಗ್ಡ್ ಸ್ಕರ್ಜ್’ ಇರಬೇಕು. ಅದರಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯೇ ಪೊಲೀಸರಿಗೆ ಬೇಕಾದ ಅಪರಾಧಿ. ‘ಸ್ನೋ ವೈಟ್’ ಕಥೆಯ ಏಳು ಕುಳ್ಳರು ನಿಂತ ನೀರಿಗೆ ಎಣ್ಣೆ, ಪ್ಯಾರಿಸ್ ಗ್ರೀನ್ ಪುಡಿ ಹಾಕುತ್ತಾರೆ. ಆ ಭಾಗವನ್ನು ಮಾತ್ರ ನಕಲು ಮಾಡಬೇಡಿ. ಪ್ಯಾರಿಸ್ ಗ್ರೀನ್ ಎಂದರೆ ಆರ್ಸೆನಿಕ್ ವಿಷ. ಅದರ ಬದಲು ಗಪ್ಪಿ ಮೀನು, ಸೊಳ್ಳೆ ಪರದೆ, ಮುಚ್ಚಿದ ನೀರಿನ ತೊಟ್ಟಿ ತೋರಿಸಿ.

ಲೆಕ್ಕಕ್ಕೆ ಬರೋಣ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸುವುದು ಸ್ಟುಡಿಯೋಗಳ ರೂಢಿ, ಅಂದರೆ ಸೆಕೆಂಡಿಗೆ 12 ಚಿತ್ರ. ನಿಮ್ಮ 20 ಸೆಕೆಂಡಿಗೆ 240 ಫೋಟೋ. ಹಾಗೆಂದು 240 ಚಿತ್ರ ಬರೆಯುವುದು ಬೇಡ. ಗದ್ದೆ, ಆಕಾಶ ಒಂದೇ ಹಾಳೆಯಲ್ಲಿರಲಿ. ರೆಕ್ಕೆಗೆ ಮೂರೇ ಚಿತ್ರ ಬರೆದು ತಿರುಗಾಮುರುಗಾ ಬಳಸಿ. ಸೊಳ್ಳೆ ಕೂತಾಗ ಹೊಟ್ಟೆ ಉಬ್ಬುವುದಕ್ಕೆ ಎಂಟು ಸಾಕು. ಹೀಗೆ ಹೊಂದಿಸಿಕೊಂಡರೆ 60ರೊಳಗೆ ಮುಗಿಯುತ್ತದೆ.

ಸೊಳ್ಳೆಯನ್ನು ಎ4 ಅಳತೆಯ ಓಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್) ಪಾರದರ್ಶಕ ಹಾಳೆಯ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು, ಅಕ್ರಿಲಿಕ್ ಬಣ್ಣವನ್ನು ಹಾಳೆಯ ಹಿಂಬದಿಗೆ ಬಳಿಯಿರಿ. ಆಗ ಗೆರೆ ಮುಚ್ಚಿಹೋಗುವುದಿಲ್ಲ. ಹಾಳೆ ಹಾಳೆಗೂ ಕದಲದಿರಲು ಆಫೀಸಿನ ಪಂಚಿಂಗ್ ಮಷಿನ್ ಸಾಕು. ಅದರ ತೂತು 6 ಮಿ.ಮೀ. ಅಗಲ, ಎರಡು ತೂತುಗಳ ನಡುವೆ 80 ಮಿ.ಮೀ. ದೂರ. ಅದೇ ಅಳತೆಗೆ ಪ್ಲೈವುಡ್ ಮೇಲೆ ಎರಡು ಗೂಟ ಅಂಟಿಸಿ ಹಾಳೆಗಳನ್ನು ಅವಕ್ಕೇ ಸಿಕ್ಕಿಸಿ. ಎಲ್ಲ ಹಾಳೆಗೂ ಒಂದೇ ಮಷಿನ್ ಬಳಸಿ, ಹಾಳೆಯ ಅಂಚು ತಾಗುವ ಗೈಡನ್ನು ಕದಲಿಸಬೇಡಿ.

ಕೆಡುವುದು ಹೆಚ್ಚಾಗಿ ಬೆಳಕಿನಲ್ಲಿ. ಮೊಬೈಲು ಪ್ರತಿ ಫೋಟೋಕ್ಕೂ ಬೆಳಕನ್ನು ತಾನೇ ಹೊಂದಿಸಿಕೊಂಡರೆ ಚಿತ್ರ ಮಿಣುಕುತ್ತದೆ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಕಿಟಕಿ ಮುಚ್ಚಿ, ಮೋಡ ಬಂದು ಹೋದರೂ ಸಾಕು ಬಣ್ಣ ಬದಲಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರನ್ನು 1/50 ಸೆಕೆಂಡಿಗೆ ಇಟ್ಟರೆ ಪಟ್ಟೆ ಬೀಳುವುದಿಲ್ಲ. ಫ್ಯಾನ್ ಆರಿಸಿ. ಹಾಳೆಯ ಮೇಲೆ ಗಾಜು ಹೇರಿ ಒತ್ತಿ. ಗಾಜಿನಲ್ಲಿ ಮೊಬೈಲಿನ ಪ್ರತಿಬಿಂಬ ಕಂಡರೆ ಲೆನ್ಸಿನಷ್ಟು ತೂತಿರುವ ಕಪ್ಪು ರಟ್ಟನ್ನು ಅಡ್ಡ ಹಿಡಿಯಿರಿ. ಇನ್ನೊಂದು ಮಾತು, ಇದು ಹಳೆಯ ಸ್ಟುಡಿಯೋಗಳಿಗೂ ಕಾಡಿದ್ದು. ಪ್ರತಿ ಪಾರದರ್ಶಕ ಹಾಳೆಗೂ ತುಸು ಮಬ್ಬು ಇರುತ್ತದೆ. ಒಂದು ಫೋಟೋದಲ್ಲಿ ಎರಡು ಹಾಳೆ, ಮುಂದಿನದರಲ್ಲಿ ಮೂರು ಇಟ್ಟರೆ ಹಿನ್ನೆಲೆ ಥಟ್ಟನೆ ಕಪ್ಪಾಗುತ್ತದೆ. ಬೇಡದ ಕಡೆಯೂ ಖಾಲಿ ಹಾಳೆ ಸೇರಿಸಿ ಲೆಕ್ಕ ಸರಿದೂಗಿಸಿ.

ಸೊಳ್ಳೆ ತಪ್ಪಾದರೆ ಪಾಠವೇ ತಪ್ಪಾಗುತ್ತದೆ. ಅನಾಫಿಲಿಸ್ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿರುತ್ತದೆ, ಕ್ಯುಲೆಕ್ಸ್ ಎಂಬ ಇನ್ನೊಂದು ಬಗೆಯ ಸೊಳ್ಳೆ ಗೋಡೆಗೆ ಸಮವಾಗಿ ಕೂರುತ್ತದೆ. ಮರಿಹುಳುವಿನಲ್ಲಿ ಇದು ತಿರುವುಮುರುವು: ಅನಾಫಿಲಿಸ್‌ನದು ನೀರಿನ ಮೇಲ್ಮೈಗೆ ಸಮವಾಗಿ ಮಲಗುತ್ತದೆ, ಕ್ಯುಲೆಕ್ಸ್‌ನದು ತಲೆಕೆಳಗಾಗಿ ಓರೆ ತೂಗುತ್ತದೆ. ಕಚ್ಚುವುದು ಹೆಣ್ಣು ಮಾತ್ರ, ಅದೂ ರಾತ್ರಿ ಹೊತ್ತು. ರೋಗಿಯನ್ನು ಕಚ್ಚಿದ ಸೊಳ್ಳೆ ಆ ಕ್ಷಣವೇ ಇನ್ನೊಬ್ಬರಿಗೆ ರೋಗ ಹರಡಲಾರದು. ರೋಗಾಣು ಅದರ ಮೈಯೊಳಗೆ ಬೆಳೆಯಲು ಸುಮಾರು 10ರಿಂದ 14 ದಿನ ಬೇಕು. ಎರಡು ಕಡಿತಗಳ ನಡುವೆ ಸೂರ್ಯ ಚಂದ್ರರನ್ನು ಸರಸರ ಓಡಿಸಿ ದಿನ ಕಳೆದದ್ದನ್ನು ತೋರಿಸಿ.

ಪ್ರಶ್ನೆ: ಈ ವಿಷಯಕ್ಕೆ ಬಂದರೆ ಬರೀ ಅಮೆರಿಕದ ಮಾತು. ಏಷ್ಯಾದಲ್ಲಿ ಏನೂ ಆಗಲಿಲ್ಲವೇ? (ಕಾಲೇಜು ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಖಂಡಿತ ಆಯಿತು. ಜಪಾನಿ ಸೈನ್ಯ ಸುತ್ತುವರಿದಿದ್ದ ಶಾಂಘೈಯಲ್ಲಿ ವಾನ್ ಸೋದರರು 1941ರಲ್ಲಿ ‘ಪ್ರಿನ್ಸೆಸ್ ಐರನ್ ಫ್ಯಾನ್’ ಮುಗಿಸಿದರು. ಅದು ಚೀನಾದ ಮೊದಲ ಪೂರ್ಣ ಉದ್ದದ ಕಾರ್ಟೂನ್ ಚಿತ್ರ. ಜಪಾನಿನ ನೌಕಾಪಡೆ ನಿರ್ದೇಶಕ ಮಿತ್ಸುಯೊ ಸೆಯೊ ಅವರಿಂದ ಮೊಮೊತಾರೋ ಎಂಬ ಜನಪದ ವೀರನ ಎರಡು ಚಿತ್ರ ಮಾಡಿಸಿತು. 1943ರದು 37 ನಿಮಿಷ, 1945ರ ಏಪ್ರಿಲಿನಲ್ಲಿ ತೆರೆಕಂಡದ್ದು 74 ನಿಮಿಷ. ಎರಡನೆಯದನ್ನು ಒಸಾಕಾದಲ್ಲಿ ನೋಡಿದ ಹುಡುಗರಲ್ಲಿ ಒಸಾಮು ತೆಜುಕಾ ಒಬ್ಬರು, ಮುಂದೆ ‘ಆಸ್ಟ್ರೋ ಬಾಯ್’ ಸೃಷ್ಟಿಸಿದವರು. ಬಹಳ ಕಾಲ ಕಳೆದೇಹೋಯಿತು ಎಂದುಕೊಂಡಿದ್ದ ಅದರ ನೆಗೆಟಿವ್ 1980ರ ದಶಕದಲ್ಲಿ ಶೋಚಿಕು ಕಂಪನಿಯ ಗೋದಾಮಿನಲ್ಲಿ ಸಿಕ್ಕಿತು. ಯುದ್ಧಪ್ರಚಾರವೆಂದು ಗೊತ್ತಿದ್ದೇ ನೋಡಿ. ಪ್ರಾಣಿಗಳಿಗೆ ಅಕ್ಷರ ಕಲಿಸುವ ಹಾಡಿನ ದೃಶ್ಯದಲ್ಲಿ ಕೈಚಳಕ ಎಷ್ಟಿದೆಯೋ, ಆಳಬಂದವರ ಧೋರಣೆಯೂ ಅಷ್ಟೇ ಇದೆ.

ನಮ್ಮಲ್ಲಿ ಮೊದಲ ಮಹಾಯುದ್ಧದ ದಿನಗಳಲ್ಲೇ, 1915ರಲ್ಲಿ, ದಾದಾಸಾಹೇಬ್ ಫಾಲ್ಕೆ ಬೆಂಕಿಕಡ್ಡಿಗಳನ್ನು ಒಂದೊಂದೇ ಸರಿಸಿ ಕಿರುಚಿತ್ರ ತೆಗೆದರು. ಕ್ರಮಬದ್ಧ ತರಬೇತಿಗೆ ಮಾತ್ರ 1956ರವರೆಗೆ ಕಾಯಬೇಕಾಯಿತು. ಆ ವರ್ಷ ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಕೇಂದ್ರ ಸರ್ಕಾರದ ಚಿತ್ರಸಂಸ್ಥೆಯಾದ ಮುಂಬೈಯ ಫಿಲ್ಮ್ಸ್ ಡಿವಿಷನ್ನಿಗೆ ಕಲಿಸಲು ಬಂದರು. ಅವರ ಗರಡಿಯಲ್ಲಿ ಪಳಗಿದವರೇ ಭಾರತದ ಹೆಸರಾಂತ ಅನಿಮೇಷನ್ ಕಲಾವಿದ ರಾಮ್ ಮೋಹನ್.