ಅಮ್ಮನಿಗೆ ಮೀಸೆ ಬಂದದ್ದು ಎಲ್ಲಿ?

‘ಅಮ್ಮ ಅಚ್ಚಗನ್ನಡ ಪದ. ಅರಬ್ಬಿಯ ಉಮ್ಮ್, ಚೀನೀಯರ ಮಾ, ಇಂಗ್ಲಿಷಿನ ಮಮ್ಮಿ ಎಲ್ಲವೂ ಇಲ್ಲಿಂದಲೇ ಹೋದವು ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ನೀವೇಕೆ ಇದನ್ನು ಬರೆಯುವುದಿಲ್ಲ?’
– ಓದುಗರೊಬ್ಬರು, ದಾವಣಗೆರೆ

ನಿಮ್ಮ ಅಭಿಮಾನಕ್ಕೂ ಮೇಷ್ಟರಿಗೂ ನಮಸ್ಕಾರ. ದ್ರಾವಿಡ ಭಾಷೆಗಳಲ್ಲಿ ‘ಅಮ್ಮ’ ಬಹಳ ಹಳೆಯದು, ಅಷ್ಟು ಒಪ್ಪಿದೆ. ಆದರೆ ಒಮ್ಮೆ ಉಡುಪಿಯ ಕಡೆ ಹೋಗಿಬನ್ನಿ. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಹುಡುಗನಾಗಿದ್ದಾಗ ತುಳು ಗೆಳೆಯನೊಬ್ಬ ‘ಅಮ್ಮೆರ್ ಬತ್ತೆರ್’ ಎಂದು ಪಿಸುಗುಟ್ಟಿದಾಗ ನಾನು ಅಡುಗೆಮನೆಯ ಬಾಗಿಲು ನೋಡಿದೆ. ಜಗಲಿಯ ಕಡೆಯಿಂದ ದೊಡ್ಡ ಮೀಸೆಯೊಂದು ಒಳಗೆ ಬಂತು! ಜಾರ್ಜಿಯಾ ದೇಶದಲ್ಲೂ ‘ಮಾಮಾ’ ಎಂದರೆ ಅಪ್ಪ. ಅಮ್ಮ ಅಲ್ಲಿ ‘ದೇದಾ’. ಕನ್ನಡದಿಂದ ಹೊರಟ ನಿಮ್ಮ ಅಮ್ಮ ದಾರಿಯಲ್ಲಿ ಎಲ್ಲಿ ಮೀಸೆ ಬಿಟ್ಟಳು?

ಮೊಲೆ ಕುಡಿಯುವ ಕೂಸಿನ ಬಾಯಿ ತುಂಬಿರುತ್ತದೆ, ದನಿ ಮೂಗಿನಿಂದಲೇ ಹೊರಡಬೇಕು. ಆ ಗುನುಗು ಮೊದಲು ಹಸಿವಿನ ಕರೆಯಾಗಿ, ಆಮೇಲೆ ಹಾಲೂಡಿದವಳ ಹೆಸರಾಯಿತು ಎಂದರು ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್. ಅವರ ಮುಂದೆ ಮಾನವಶಾಸ್ತ್ರಜ್ಞ ಮರ್ಡಾಕ್ ಕಲೆಹಾಕಿದ್ದ, ತಾಯಿತಂದೆಯರನ್ನು ಸೂಚಿಸುವ 1,072 ಪದಗಳ ಪಟ್ಟಿಯಿತ್ತು. ತುಟಿಯ ಸದ್ದು ಕೂಸಿನದು, ಅದಕ್ಕೆ ಅರ್ಥ ಅಂಟಿಸಿದವರು ದೊಡ್ಡವರು. ಹೀಗಿರುವಾಗ ಯಾರೂ ಯಾರಿಂದಲೂ ಕಡ ತರಬೇಕಾಗಿರಲಿಲ್ಲ.

ಹೆಮ್ಮೆ ಪಡಲೇಬೇಕೆಂದಿದ್ದರೆ ‘ತಾಯಿ’ ಎಂಬ ಪದವಿದೆಯಲ್ಲ, ಅದನ್ನೇಕೆ ಮರೆತಿರಿ? ಹಳೆಯ ತಮಿಳಿನಲ್ಲಿ ‘ಯಾಯ್’ ನನ್ನ ತಾಯಿ, ‘ಞಾಯ್’ ನಿನ್ನ ತಾಯಿ, ‘ತಾಯ್’ ಅವನ ಅಥವಾ ಅವಳ ತಾಯಿ. ಈ ‘ತ’ ನಮ್ಮ ‘ತನ್ನ’ ಎಂಬುದರ ತುಣುಕು. ತಂದೆ, ತಮ್ಮ, ತಂಗಿಯರಲ್ಲೂ ಅದು ಅಡಗಿ ಕುಳಿತಿದೆ. ‘ನನ್ನ ತಾಯಿ’ ಎಂದಾಗಲೆಲ್ಲ ನಾವು ‘ನನ್ನ ತನ್ನ ತಾಯಿ’ ಎನ್ನುತ್ತಿದ್ದೇವೆ, ಬಾಯಿಗೆ ಒಂದಿಷ್ಟೂ ತೊಡಕಾಗದಂತೆ! ಅತ್ತಿಮಬ್ಬೆಯ ಹೆಸರಿನೊಳಗಿನ ‘ಅಬ್ಬೆ’ಯೂ ತಾಯಿಯೇ, ಹವ್ಯಕರ ಮನೆಗಳಲ್ಲಿ ಇಂದಿಗೂ ಮಕ್ಕಳು ಹಾಗೆಯೇ ಕೂಗುತ್ತಾರೆ.

ಇವನ್ನೆಲ್ಲ ಬಿಟ್ಟು ಚೀನಾದವರೆಗೆ ಯಾಕೆ ಓಡುತ್ತೀರಿ ಎಂದು ಕೇಳಿದರೆ ನಿಮಗೆ ಬೇಸರವಾದೀತು. ತಪ್ಪು ನಿಮ್ಮೊಬ್ಬರದಲ್ಲ. ಈಗ ಪದಗಳ ಹುಟ್ಟು ದಿನಾ ಬೆಳಿಗ್ಗೆ ಮೊಬೈಲಿಗೆ ಗುಲಾಬಿ ಹೂವಿನ ಚಿತ್ರದೊಡನೆ ಬಂದುಬೀಳುತ್ತದೆ. ಎರಡು ಪದ ಒಂದೇ ಥರ ಕೇಳಿಸಿದರೆ ಸಾಕು, ನೆಂಟಸ್ತನ ಕುದುರಿಯೇಬಿಡುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟನ್ನು ಬಿಡಿಸಿ ನೋಡುವವರು ಎಷ್ಟು ಮಂದಿ? ನಿಮ್ಮೂರಿನ ಗ್ರಂಥಾಲಯದಲ್ಲಿ ಅದಿದ್ದರೆ ಧೂಳು ಕೊಡವಿ ‘ತಾಯಿ’ಯನ್ನು ಹುಡುಕಿ. ಬೀರುವಿನ ಬೀಗದಕೈ ಯಾರ ಬಳಿಯಿದೆಯೆಂದು ಅಲ್ಲಿ ಯಾರಿಗೂ ತಿಳಿಯದಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

– ಸಂ.