ಭುಜದ ನೋವು: ಇನ್ನೊಂದು ಕೋರ್ಸ್ ಕರೆಂಟ್ ಬೇಕಾ?

ಪ್ರಶ್ನೆ: ನನಗೆ 46 ವರ್ಷ. ಕಲಬುರಗಿಯಲ್ಲಿ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಬಲಗೈ ಮೇಲೆತ್ತಿದರೆ ರಟ್ಟೆಯ ಹೊರಬದಿ ಚುಚ್ಚುತ್ತದೆ. ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಇಂಪಿಂಜ್‌ಮೆಂಟ್, ಅಂದರೆ ಭುಜದೊಳಗೆ ಉಜ್ಜಾಟ, ಅಂದರು. ಹದಿನೈದು ದಿನ ಭುಜಕ್ಕೆ ಮಷಿನ್ ಇಟ್ಟು ಕರೆಂಟ್ ಕೊಟ್ಟು, ಕೈ ಆಡಿಸಬೇಡ ಅಂದರು. ಈಗ ಮತ್ತೆ ಅದೇ ನೋವು. ಇನ್ನೊಂದು ಕೋರ್ಸ್ ತಗೊಳ್ಳಲಾ?

ಉತ್ತರ: ಬೇಡ. ಊರು, ವಯಸ್ಸು ಬದಲಾಗಿ ಈ ಪ್ರಶ್ನೆ ಬರುತ್ತಲೇ ಇದೆ. ಮಷಿನ್ ಇಟ್ಟಾಗ ಹಾಯೆನಿಸುತ್ತದೆ, ಅಷ್ಟೇ. ಭುಜಕ್ಕೆ ಬಲ ಬರುವುದಿಲ್ಲ. ಈ ರೂಢಿ ಬೆಳೆಸಿದವರು ನಮ್ಮ ಫಿಸಿಯೋಥೆರಪಿ ವೃತ್ತಿಯವರೇ. ಜನರೂ ಕಡಿಮೆಯಿಲ್ಲ: ವ್ಯಾಯಾಮ ಹೇಳಿಕೊಟ್ಟರೆ "ಇಷ್ಟಕ್ಕೇ ಫೀಸಾ?" ಅಂತಾರೆ.

ಭುಜದ ಮೇಲಿನ ಎಲುಬು ಕೆಳಗಿನ ಟೆಂಡನ್ (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ) ಅನ್ನು ಉಜ್ಜುತ್ತದೆ ಎಂದು ಅಮೆರಿಕದ ಸರ್ಜನ್ ಚಾರ್ಲ್ಸ್ ನೀರ್ 1972ರಲ್ಲಿ ಬರೆದರು. ಆ ಎಲುಬು ಕೆರೆಯುವ ಆಪರೇಷನ್ ಅಲ್ಲಿಂದ ಬೆಳೆಯಿತು. 2018ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗದ ಫಲಿತಾಂಶ ಬಂತು. ಕೆಲವರಿಗೆ ಎಲುಬು ಕೆರೆದಿದ್ದರು. ಕೆಲವರಿಗೆ ಬರೀ ಕ್ಯಾಮೆರಾ ಹಾಕಿ ನೋಡಿ ಹೊಲಿಗೆ ಹಾಕಿದ್ದರು. ಎರಡೂ ಗುಂಪಿಗೆ ನೋವು ಹೆಚ್ಚುಕಡಿಮೆ ಒಂದೇ ರೀತಿ ಇಳಿದಿತ್ತು. ಅಂದಮೇಲೆ ಬರೀ ಉಜ್ಜಾಟವೇ ಕಾರಣ ಅಲ್ಲ, ಅಲ್ವಾ? ಟೆಂಡನ್ ತಡೆಯುವುದಕ್ಕಿಂತ ಜಾಸ್ತಿ ಕೆಲಸ ಅದರ ಮೇಲೆ ಬಿದ್ದಿದೆ. ದೀಪಾವಳಿ ಹತ್ತಿರ ಬಂದರೆ ನಿಮಗೆ ಕೆಲಸ ಎಷ್ಟು ಏರುತ್ತದೆ, ನೀವೇ ಲೆಕ್ಕ ಹಾಕಿ. ಕೈ ಆಡಿಸದೆ ಕೂತರೆ ಇರುವ ಬಲವೂ ಹೋಗುತ್ತದೆ.

ಮೊಳಕೈ ಮಡಿಸಿ ಪಕ್ಕೆಗೆ ಒತ್ತಿ, ನಡುವೆ ಮಡಿಸಿದ ಟವೆಲ್ ಇಡಿ. ಮುಂಗೈಯ ಹಿಂಬದಿಯಿಂದ ಗೋಡೆಯನ್ನು ಹೊರಕ್ಕೆ ಒತ್ತಿ, ಅರ್ಧ ನಿಮಿಷ ಹಿಡಿಯಿರಿ. ನಾಲ್ಕೈದು ಸಲ, ದಿನಾ. ಎರಡು ಮೂರು ವಾರ ಕಳೆದ ಮೇಲೆ ಅದೇ ಚಲನೆಯನ್ನು ರಬ್ಬರ್ ಬ್ಯಾಂಡ್ ಎಳೆದು ಮಾಡಿ, ದಿನ ಬಿಟ್ಟು ದಿನ. ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿಕೊಂಡರೂ ನಡೆಯುತ್ತದೆ. ಜೊತೆಗೆ ಗೋಡೆಗೆ ಕೈಕೊಟ್ಟು ಪುಷ್‌ಅಪ್.

ನೋವು ಬರುತ್ತದೆ, ಬರಲಿ. ಹತ್ತಕ್ಕೆ ನಾಲ್ಕರಷ್ಟಿದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಜೋರು ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಹನ್ನೆರಡು ವಾರ ಬೇಕು. ಒಂದೇ ವಾರಕ್ಕೆ "ಏನೂ ಆಗಲಿಲ್ಲ" ಎಂದು ಬರೆಯಬೇಡಿ.

ಕೆಲಸ ಬಿಡಲು ನಾನು ಹೇಳುವುದಿಲ್ಲ, ಹೊಟ್ಟೆಪಾಡು. ಚಾವಣಿಗೆ ಉದ್ದ ಕೋಲಿನ ರೋಲರ್ ಹಿಡಿಯಿರಿ. ಗೋಡೆಯ ಮೇಲ್ಭಾಗಕ್ಕೆ ಏಣಿ ಏರಿ, ಕೈ ಎದೆಮಟ್ಟದಲ್ಲಿ ಇರಲಿ. ರಾತ್ರಿ ಎಡ ಮಗ್ಗುಲಿಗೆ ಮಲಗಿ, ಬಲಗೈ ಕೆಳಗೆ ದಿಂಬು ಇಡಿ.

ಇದೆಲ್ಲ ಎಲ್ಲರಿಗೂ ಅಲ್ಲ. ಬಿದ್ದ ಮೇಲೆ ಕೈ ಎತ್ತಲೇ ಆಗದಿದ್ದರೆ ಮೊದಲು ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಬೇರೆಯವರು ಎತ್ತಿದರೂ ಕೈ ಏಳದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಶುಗರ್ ಇರುವವರಿಗೆ ಅದು ಜಾಸ್ತಿ, ಅದರ ದಾರಿಯೂ ಬೇರೆ.

ಪ್ರಶ್ನೆ: ನರ ಹೊರಳಿದೆ, ಜಗ್ಗಿ ಕೂಡಿಸುತ್ತೇನೆ ಅಂತಾರೆ. (ಆಳಂದ)
ಉತ್ತರ: ನರ ಹೊರಳುವುದಿಲ್ಲ. ಜಗ್ಗಿಸಿಕೊಂಡು ಟೆಂಡನ್ ಹರಿದುಕೊಂಡರೆ ಆಮೇಲೆ ಅವರು ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಸ್ಟೀರಾಯ್ಡ್ ಇಂಜೆಕ್ಷನ್ ತಗೊಳ್ಳಬಹುದಾ? ಶುಗರ್ ಇದೆ. (ಸೇಡಂ)
ಉತ್ತರ: ಕೆಲವು ವಾರ ನೋವು ಇಳಿಯುತ್ತದೆ, ಕೆಲವು ದಿನ ಶುಗರ್ ಏರುತ್ತದೆ. ಡಾಕ್ಟರಿಗೆ ಮೊದಲೇ ಹೇಳಿ. ಆ ಬಿಡುವಿನಲ್ಲಿ ವ್ಯಾಯಾಮ ಮಾಡದಿದ್ದರೆ ಸುಮ್ನೆ ಚುಚ್ಚಿಸಿಕೊಂಡಂತೆ.

ಪ್ರಶ್ನೆ: ವಯಸ್ಸು 63. ಸ್ಕ್ಯಾನ್‌ನಲ್ಲಿ ಭುಜದ ಟೆಂಡನ್ ಸ್ವಲ್ಪ ಹರಿದಿದೆ ಎಂದಿದೆ. (ಜೇವರ್ಗಿ)
ಉತ್ತರ: ಆ ವಯಸ್ಸಿನಲ್ಲಿ ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನ್‌ನಲ್ಲೂ ಹಾಗೇ ಇರುತ್ತದೆ.

ಪ್ರಶ್ನೆ: ಎಡ ಭುಜ ನೋವು, ನಡೆದರೆ ಎದೆ ಬಿಗಿಯುತ್ತದೆ, ಬೆವರು ಬರುತ್ತದೆ. ಯಾವ ಎಣ್ಣೆ ಹಚ್ಚಲಿ? (ಕಲಬುರಗಿ)
ಉತ್ತರ: ಎಣ್ಣೆ ಪಕ್ಕಕ್ಕಿಡಿ. ಈಗಲೇ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಇದನ್ನು ನನಗೆ ಬರೆದು ಕಾಯುತ್ತ ಕೂತಿದ್ದೀರಲ್ಲ!