ಆ ಬಿಳಿ ಚರ್ಚಿನ ಬಗ್ಗೆ ಕೇಳಿದಿರಲ್ಲ

ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು. ದಾವಣಗೆರೆಯಿಂದ ಬಂದು ಎರಡು ತಿಂಗಳು, ಬಾಸ್ಟನ್ ಹತ್ತಿರ ಮನೆ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಬಿಳಿ ಚರ್ಚು, ಅದರ ಮುಂದೆ ಕಾಮನಬಿಲ್ಲಿನ ಬಾವುಟ, ಎಲ್ಲರಿಗೂ ಸ್ವಾಗತ ಅಂತ ಬೋರ್ಡು. ಜುಲೈನಲ್ಲಿ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋದರೆ ಒಳಗೆ ಹದಿನೈದು ಜನ ವಯಸ್ಸಾದವರು ಮಾತ್ರ, ಪಾದ್ರಿಯೂ ಇಲ್ಲ. "ಅಕ್ಕ, ಈ ಯೂನಿಟೇರಿಯನ್ ಅಂದರೆ ಏನು? ಕ್ರಿಶ್ಚಿಯನ್ನರಾ? ಮತಾಂತರ ಮಾಡ್ತಾರಾ? ಅಲ್ಲಿ ವಾರ ವಾರ ಏನು ನಡೆಯುತ್ತೆ? ದುಡ್ಡು ಕೊಡಬೇಕಾ? ನನಗಿಲ್ಲಿ ಮಾತಾಡೋಕೆ ಯಾರೂ ಇಲ್ಲ" ಅಂತ ಬರೆದಿದ್ದೀರಿ. ಆ ಕೊನೆಯ ಸಾಲಿಗಾಗಿ ನಾನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಜುಲೈ ವಿಷಯ. ಆ ಚರ್ಚು ಮುಚ್ಚಿ ಹೋಗುತ್ತಿಲ್ಲ, ಹೆದರಬೇಡಿ. ಈ ಕಡೆಯ ಹಳೇ ಚರ್ಚುಗಳಲ್ಲಿ ಬೇಸಿಗೆಯೆಂದರೆ ಹೆಚ್ಚುಕಡಿಮೆ ರಜೆ. ಮಿನಿಸ್ಟರ್ ರಜೆಯ ಮೇಲಿರುತ್ತಾರೆ. ಇಲ್ಲಿ ಪಾದ್ರಿಗೆ ಮಿನಿಸ್ಟರ್ ಅನ್ನುತ್ತಾರೆ, ಮಂತ್ರಿ ಅಂದುಕೊಳ್ಳಬೇಡಿ. ಸದಸ್ಯರೇ ಸರದಿಯಂತೆ ಮಾತಾಡಿ ಬೇಸಿಗೆಯನ್ನು ನಡೆಸಿಬಿಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ (ಮೊದಲ ಸೋಮವಾರದ ರಜೆ) ಆದ ಮುಂದಿನ ಭಾನುವಾರ ಹೋಗಿ ನೋಡಿ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ನಾನು ಇಂಥ ಚರ್ಚಿಗೆ ಮೊದಲು ಹೋಗಿದ್ದು 2001ರ ಜನವರಿಯಲ್ಲಿ. ಶಿವಮೊಗ್ಗದಿಂದ ಬಂದು ಮೂರು ವಾರ ಆಗಿತ್ತು. ಡ್ರೈವಿಂಗ್ ಬರುತ್ತಿರಲಿಲ್ಲ. ನಮ್ಮವರು ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಏಳಕ್ಕೆ ಬರುತ್ತಿದ್ದರು, ಭಾನುವಾರವೂ ಕೆಲಸ. ಒಂದು ಭಾನುವಾರ ಹಾಲು ತರಲು ಹೊರಟವಳಿಗೆ ಹಾಡು ಕೇಳಿಸಿತು. ಎಷ್ಟೋ ಜನ ಒಟ್ಟಿಗೆ ಹಾಡುವ ಸದ್ದು. ಮನುಷ್ಯರ ಸದ್ದು ಕೇಳಿ ಅಷ್ಟು ದಿನ ಆಗಿತ್ತು, ಒಳಗೆ ಹೋಗಿಬಿಟ್ಟೆ. ಬಾಗಿಲಲ್ಲಿ ಬೂಟು ಕಳಚಿಟ್ಟೆ. ದೇವರಿರುವ ಜಾಗ ಅಲ್ವಾ, ಕೈ ತಾನಾಗಿಯೇ ಕಳಚಿತು. ಒದ್ದೆ ಕಾಲುಚೀಲದಲ್ಲಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗ ನೋಡಿದೆ, ಬೇರೆ ಎಲ್ಲರೂ ಬೂಟು ಹಾಕಿಕೊಂಡೇ ಕೂತಿದ್ದಾರೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ನನ್ನ ಕಾಲು ನೋಡಿದರು, ಏನೂ ಹೇಳಲಿಲ್ಲ, ಹಾಡಿನ ಪುಸ್ತಕದ ಪುಟ ತೆರೆದು ನನ್ನ ಕೈಗಿಟ್ಟರು. ಮುಂದಿನ ಭಾನುವಾರ ತಾವೇ ಹೆಣೆದ ಒಂದು ಜೊತೆ ಉಣ್ಣೆಯ ಕಾಲುಚೀಲ ತಂದುಕೊಟ್ಟರು. ಇಲ್ಲಿ ಎಂಬತ್ತು ವರ್ಷದವರನ್ನೂ ಹೆಸರು ಹಿಡಿದು ಕರೆಯುವುದು ರೂಢಿ. ನನಗೆ ಬಾಯಿ ಬರಲಿಲ್ಲ. ಅಜ್ಜಿ ಅಂದೆ. ಅರ್ಥ ಕೇಳಿದರು, ಹೇಳಿದೆ. ಅಂದಿನಿಂದ ಅವರು ನನಗೆ ಅಜ್ಜಿಯೇ.

ಇನ್ನು ಮತಾಂತರ. ಇಲ್ಲ, ಯಾರೂ ಮಾಡುವುದಿಲ್ಲ. ನೀವು ಏನನ್ನು ನಂಬಬೇಕು ಅಂತ ಹೇಳುವ ಪ್ರತಿಜ್ಞೆಯೇ ಇವರಲ್ಲಿಲ್ಲ. ದೇವರು ಒಬ್ಬನೇ, ತಂದೆ ಮಗ ಪವಿತ್ರಾತ್ಮ ಅಂತ ಮೂವರಲ್ಲ ಎಂದು ವಾದಿಸಿದ ಕ್ರಿಶ್ಚಿಯನ್ನರು ಮೊದಲು ಯೂನಿಟೇರಿಯನ್ನರಾದರು. 1825ರಲ್ಲಿ ಬಾಸ್ಟನ್ನಿನಲ್ಲೇ ಅವರ ಸಂಘ ಕಟ್ಟಿದರು. ಯಾರನ್ನೂ ದೇವರು ಕೊನೆಯಿಲ್ಲದ ನರಕಕ್ಕೆ ತಳ್ಳುವುದಿಲ್ಲ ಎಂದವರು ಯೂನಿವರ್ಸಲಿಸ್ಟರು. 1961ರಲ್ಲಿ ಎರಡೂ ಸೇರಿಕೊಂಡವು. ಈಗ ಒಂದೇ ಬೆಂಚಿನಲ್ಲಿ ಯೇಸುವನ್ನು ನಂಬುವವರು, ಯೆಹೂದಿ ಮನೆಯಿಂದ ಬಂದವರು, ಬುದ್ಧನ ಧ್ಯಾನ ಮಾಡುವವರು, ದೇವರೇ ಇಲ್ಲ ಅನ್ನುವವರು ಎಲ್ಲಾ ಕೂರುತ್ತಾರೆ. ನಾನು ಒಂಬತ್ತು ವರ್ಷ ಆದಮೇಲೆ ಸದಸ್ಯರ ಪುಸ್ತಕಕ್ಕೆ ಸಹಿ ಹಾಕಿದೆ. ಆ ವರ್ಷವೂ ಮನೆಯಲ್ಲಿ ಗೌರಿ ಕೂರಿಸಿದೆ, ಈ ವರ್ಷವೂ ಕೂರಿಸುತ್ತೇನೆ. ಹಬ್ಬಕ್ಕೆ ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನಕ್ಕೂ ಹೋಗುತ್ತೇವೆ.

ಇನ್ನೊಂದು ಮಾತು. ನಾನು ಹೋದ ಎರಡನೇ ತಿಂಗಳಲ್ಲಿ ಮಿನಿಸ್ಟರ್ ನನ್ನ ಹತ್ತಿರ ರಾಮಮೋಹನ ರಾಯರ ಬಗ್ಗೆ ಕೇಳಿದರು. ನನಗೆ ಶಾಲೆಯ ಪಾಠದಲ್ಲಿ ಸತಿ ಪದ್ಧತಿ ನಿಲ್ಲಿಸಿದವರು ಅಂತ ಗೊತ್ತಿತ್ತು, ಅಷ್ಟೇ. 1821ರಲ್ಲಿ ಕಲ್ಕತ್ತೆಯಲ್ಲಿ ಯೂನಿಟೇರಿಯನ್ ಸಮಿತಿ ಕಟ್ಟಿದವರಲ್ಲಿ ಅವರೂ ಒಬ್ಬರು. 1833ರಲ್ಲಿ ತೀರಿಕೊಂಡಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಯೂನಿಟೇರಿಯನ್ ಸ್ನೇಹಿತರ ನಡುವೆ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ 1887ರಿಂದ ಇವರ ಸಭೆಗಳಿವೆ. ಇದನ್ನೆಲ್ಲ ಅಮೆರಿಕದವರ ಬಾಯಿಂದ ಕೇಳಿ ತಿಳಿದುಕೊಂಡೆ. ಅದಾದ ಮೇಲೆ ಆ ಬೆಂಚಿನಲ್ಲಿ ಬೇರೆಯವರ ಮನೆಯಲ್ಲಿ ಕೂತ ಹಾಗೆ ಅನ್ನಿಸುವುದು ಕಡಿಮೆಯಾಯಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೋ ಹತ್ತೂವರೆಗೋ ಶುರು, ಒಂದು ಗಂಟೆ, ಸ್ವಲ್ಪ ಜಾಸ್ತಿ. ಮೊದಲು ಚಾಲಿಸ್ ಅನ್ನುವ ಬಟ್ಟಲಿನಂಥ ದೀಪ ಹಚ್ಚುತ್ತಾರೆ. ದೀಪ ಹಚ್ಚಿ ಶುರುಮಾಡುವುದು ನಮಗೇನು ಹೊಸದು? ಆದರೆ ಅದರ ಹಿಂದೆ ಒಂದು ಕಥೆಯಿದೆ. 1941ರಲ್ಲಿ ಯುರೋಪಿನಲ್ಲಿ ನಾಜಿಗಳಿಂದ ತಪ್ಪಿಸಿಕೊಂಡವರಿಗೆ ನೆರವಾಗುತ್ತಿದ್ದ ಯೂನಿಟೇರಿಯನ್ ಸಮಿತಿಗೆ ಒಂದು ಗುರುತು ಬೇಕಾಗಿತ್ತು. ತಾನೂ ಹಾಗೆ ಓಡಿಬಂದಿದ್ದ ಹಾನ್ಸ್ ಡಾಯ್ಚ್ ಎಂಬ ಆಸ್ಟ್ರಿಯಾದ ಚಿತ್ರಕಾರ ಇದನ್ನು ಬರೆದುಕೊಟ್ಟ. ಕಾಗದಪತ್ರದ ಮೇಲಿದ್ದ ಗುರುತು ನಿಧಾನವಾಗಿ ನಿಜವಾದ ದೀಪವಾಯಿತು. ಆಮೇಲೆ ಹಾಡು, ಮಕ್ಕಳಿಗೊಂದು ಕಥೆ. ಕಥೆ ಮುಗಿದ ಮೇಲೆ ಮಕ್ಕಳು ತಮ್ಮ ತರಗತಿಗೆ ಹೋಗುವಾಗ ದೊಡ್ಡವರೆಲ್ಲ ಹಾಡಿ ಕಳಿಸುತ್ತಾರೆ. ನಿಮ್ಮ ಮಗಳಿಗೆ ಅದು ಖಂಡಿತ ಇಷ್ಟವಾಗುತ್ತದೆ. ಪ್ರವಚನ ಒಂದು ಇಪ್ಪತ್ತು ನಿಮಿಷ. ಕಾಣಿಕೆಯ ಬುಟ್ಟಿ ಬರುತ್ತದೆ, ಹೊಸಬರು ಹಾಕಬೇಕು ಅಂತಿಲ್ಲ. ಬಟ್ಟೆ ಯಾವುದಾದರೂ ಆಗುತ್ತದೆ.

ನಡುವೆ ಸಂತೋಷ ಮತ್ತು ದುಃಖ ಹೇಳಿಕೊಳ್ಳುವ ಹೊತ್ತು ಅಂತ ಒಂದಿದೆ. ಬೇಕಾದವರು ಮುಂದೆ ಹೋಗಿ ಮೇಣದಬತ್ತಿ ಹಚ್ಚಿ ಎರಡು ಮಾತು ಹೇಳುತ್ತಾರೆ. ಮೊಮ್ಮಗು ಹುಟ್ಟಿತು, ತಮ್ಮನಿಗೆ ಕ್ಯಾನ್ಸರ್, ನಾಯಿ ಸತ್ತಿತು. ಮೊದಮೊದಲು ನನಗೆ ಮೈ ಮುದುಡುತ್ತಿತ್ತು. ಮನೆಯ ಮಾತನ್ನು ನೂರು ಜನರೆದುರು ಹೇಳುವುದಾ ಅಂತ. ನಮ್ಮಲ್ಲಿ ಹೇಳಬೇಕಾಗುವುದೇ ಇಲ್ಲವಲ್ಲ. ಬೆಳಿಗ್ಗೆ ಎಂಟಾದರೂ ಬಾಗಿಲಲ್ಲಿ ರಂಗೋಲಿ ಬೀಳದಿದ್ದರೆ ಪಕ್ಕದ ಮನೆಯವರು ಬಂದು "ಏನಾಯ್ತು?" ಅನ್ನುತ್ತಾರೆ. ಇಲ್ಲಿ ನೀವಾಗಿ ಬಾಯಿ ಬಿಡುವವರೆಗೆ ಯಾರೂ ಒಳಗೆ ಇಣುಕುವುದಿಲ್ಲ. ಅದನ್ನೇ ಮರ್ಯಾದೆ ಅಂದುಕೊಂಡಿದ್ದಾರೆ. ಹೇಳಿದಿರೋ, ಅಂದೇ ಸಂಜೆ ಸೂಪು ಹಿಡಿದುಕೊಂಡು ಬರುತ್ತಾರೆ.

ಸರ್ವಿಸ್, ಅಂದರೆ ಭಾನುವಾರದ ಈ ಸಭೆ, ಮುಗಿದ ಮೇಲೆ ಕಾಫಿ. ಓಡಿಹೋಗಬೇಡಿ, ಪರಿಚಯ ಆಗುವುದು ಅಲ್ಲೇ. ಕಾಫಿ ಮಾತ್ರ ನೀರು, ನಮ್ಮ ಕಡೆಯವರಿಗೆ ಹಿಡಿಸುವುದಿಲ್ಲ. ಯೋಗ, ಜಾತಿ, ಕರ್ಮ ಎಲ್ಲವನ್ನೂ ನಿಮ್ಮನ್ನೇ ಕೇಳುತ್ತಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಇಡೀ ಭಾರತದ ಪರವಾಗಿ ಉತ್ತರ ಕೊಡುವ ಭಾರ ಹೊರಬೇಡಿ, ನಾನು ಹೊತ್ತು ದಣಿದಿದ್ದೇನೆ. ಎಲ್ಲರೂ ಒಂದೊಂದು ಅಡುಗೆ ತರುವ ಊಟದ ದಿನ ಚಿತ್ರಾನ್ನ ಮಾಡಿದರೆ ಕಡಲೆಕಾಯಿ ಬೀಜ ಹಾಕಬೇಡಿ. ಹಾಕಿದರೆ ಚೀಟಿ ಬರೆದು ಅಂಟಿಸಿ. ಅದು ಆಗದ ಮಕ್ಕಳಿರುತ್ತಾರೆ, ಪ್ರಾಣಕ್ಕೇ ಬರುತ್ತದೆ.

ವಾರದ ದಿನಗಳಲ್ಲೂ ಏನಾದರೊಂದು ಇದ್ದೇ ಇರುತ್ತದೆ. ನಮ್ಮಲ್ಲಿ ಗುರುವಾರ ಸಂಜೆ ಹಾಡಿನ ತಂಡದ ಅಭ್ಯಾಸ, ಶನಿವಾರ ಬಡವರಿಗೆ ದಿನಸಿ ಹಂಚುವ ಕೆಲಸ. ತಿಂಗಳಿಗೆ ಎರಡು ಸಲ ಎಂಟು ಹತ್ತು ಜನರ ಗುಂಪು ಒಬ್ಬರ ಮನೆಯಲ್ಲಿ ಸೇರುತ್ತದೆ. ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ಸುಮ್ನೆ ಕೇಳಬೇಕು. ನಮಗೆ ಇದು ಬಲು ಕಷ್ಟ. ನಾನು ಕಲಿಯಲು ಒಂದು ವರ್ಷ ಹಿಡಿಯಿತು. ಆದರೆ ಮದುವೆಯಾದಾಗಿನಿಂದ ನನ್ನ ಮಾತನ್ನು ಯಾರೂ ತಡೆಯದೆ ಐದು ನಿಮಿಷ ಕೇಳಿದ್ದು ಅಲ್ಲೇ ಮೊದಲು.

ದುಡ್ಡಿನ ವಿಷಯ ಕೇಳಿದ್ದೀರಿ. ಸದಸ್ಯರಾದರೆ ವರ್ಷಕ್ಕೆ ಇಷ್ಟು ಕೊಡುತ್ತೇನೆ ಅಂತ ಬರೆದುಕೊಡಬೇಕು, ಎಷ್ಟು ಅನ್ನುವುದು ನಿಮಗೆ ಬಿಟ್ಟಿದ್ದು. ಮೇಲಿನಿಂದ ಯಾವ ಮಠವೂ ಇವರಿಗೆ ಹಣ ಕಳಿಸುವುದಿಲ್ಲ. ಮಿನಿಸ್ಟರ್ ಸಂಬಳ, ಸೋರುವ ಮಾಡು, ಚಳಿಗಾಲದ ಹೀಟಿಂಗ್, ಎಲ್ಲಾ ಸದಸ್ಯರದ್ದೇ. ಅದಕ್ಕೇ ಮಿನಿಸ್ಟರ್ ಯಾರಾಗಬೇಕು ಅನ್ನುವುದನ್ನೂ ಸದಸ್ಯರೇ ವೋಟು ಹಾಕಿ ಆರಿಸುತ್ತಾರೆ. ನಾನೂ ಕೈ ಎತ್ತಿದ್ದೇನೆ. ಊರಿನ ಯಾವ ದೇವಸ್ಥಾನದಲ್ಲೂ ನನ್ನನ್ನು ಅರ್ಚಕರು ಯಾರಿರಲಿ ಅಂತ ಯಾರೂ ಕೇಳಿರಲಿಲ್ಲ.

ಮಕ್ಕಳ ತರಗತಿಯಲ್ಲಿ ಎಲ್ಲ ಧರ್ಮಗಳ ಕಥೆ ಹೇಳುತ್ತಾರೆ. ದೊಡ್ಡವರಾದ ಮೇಲೆ ದೇಹ, ಪ್ರೀತಿ, ಲೈಂಗಿಕತೆ ಬಗ್ಗೆಯೂ ಪಾಠ ಇರುತ್ತದೆ. ಮೊದಲು ಅಪ್ಪ ಅಮ್ಮಂದಿರನ್ನು ಕೂರಿಸಿ ಎಲ್ಲಾ ತೋರಿಸಿ ಒಪ್ಪಿಗೆ ಪಡೆಯುತ್ತಾರೆ. ನಿಮ್ಮ ಮಗಳಿಗೆ ಅದು ಬಹಳ ದೂರ, ಈಗಲೇ ಚಿಂತೆ ಬೇಡ. ಹದಿನಾಲ್ಕು ಹದಿನೈದಕ್ಕೆ ಬಂದಾಗ ತಾನು ಏನನ್ನು ನಂಬುತ್ತೇನೆ ಅಂತ ಮಕ್ಕಳೇ ಬರೆದು ಸಭೆಯ ಮುಂದೆ ಓದುತ್ತಾರೆ. ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ ಅಂತ ನನ್ನ ಮಗ ಓದಿದ. ಅಂದು ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ ಮೊಮ್ಮಗ ಚೆನ್ನಾಗಿ ಭಾಷಣ ಮಾಡಿದ ಅಂದೆ, ಅಷ್ಟೇ.

ಈಗ ನಾನು ನಿಜವಾಗಿ ಹೇಳಬೇಕಾದ್ದು.

ಅಜ್ಜಿ ಮತ್ತು ನಾನು ಹದಿನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತೆವು. ಅಮ್ಮ ಕೊಟ್ಟು ಕಳಿಸಿದ ಒಂದು ಸ್ಟೀಲ್ ಡಬ್ಬಿ ನನ್ನಲ್ಲಿತ್ತು, ಮುಚ್ಚಳದ ಮೇಲೆ ಅಮ್ಮನ ಹೆಸರು ಕೊರೆಸಿದ್ದು. ಅದರಲ್ಲಿ ಅಜ್ಜಿಗೆ ಕೊಬ್ಬರಿ ಮಿಠಾಯಿಯೋ ಅವಲಕ್ಕಿಯೋ ಹಾಕಿಕೊಡುತ್ತಿದ್ದೆ. ಕೊಟ್ಟ ಡಬ್ಬಿಯನ್ನು ಖಾಲಿ ಮರಳಿಸಬಾರದು ಅಂತ ಒಮ್ಮೆ ಮಾತಿಗೆ ಹೇಳಿದ್ದೆ. ಅವರು ಅದನ್ನು ಎಂದೂ ಮರೆಯಲಿಲ್ಲ. ತೋಟದ ಟೊಮ್ಯಾಟೊ, ಸೇಬಿನ ಹೋಳು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಿದ್ದರು.

2015ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಹಿಂದೆಂದೂ ಕಾಣದಷ್ಟು ಹಿಮ ಬಿತ್ತು. ರೈಲು ನಿಂತಿತು. ಫೆಬ್ರವರಿಯಲ್ಲಿ ಒಂದು ಭಾನುವಾರ ಸರ್ವಿಸ್ ಕೂಡ ಇರಲಿಲ್ಲ. ಮುಂದಿನ ವಾರ ಅಜ್ಜಿ ಬರಲಿಲ್ಲ. ಹಿಮ ಅಂದುಕೊಂಡೆ. ಅದರ ಮುಂದಿನ ವಾರವೂ ಇಲ್ಲ. ಕಾಯಿಲೆಯವರನ್ನು, ಒಂಟಿಯಾಗಿರುವವರನ್ನು ವಿಚಾರಿಸಿಕೊಳ್ಳಲು ನಮ್ಮಲ್ಲೊಂದು ಸಮಿತಿ ಇದೆ. ಆಗ ನಾನೇ ಅದರಲ್ಲಿದ್ದೆ. ಫೋನ್ ಮಾಡಿ ಕೇಳದೆ ಯಾರ ಮನೆಗೂ ಹೋಗಬಾರದು ಅನ್ನುವುದು ಅಲ್ಲಿನ ನಿಯಮ. ಫೋನ್ ಮಾಡಿದೆ. ಸಂದೇಶ ಹಿಡಿದಿಡುವ ಮೆಷಿನ್ ಬಂತು. "ಅಜ್ಜಿ, ಪುರುಸೊತ್ತಾದಾಗ ಫೋನ್ ಮಾಡಿ" ಅಂತ ಹೇಳಿ ಇಟ್ಟೆ. ಅವರ ಮನೆ ನಮ್ಮ ಮನೆಯಿಂದ ಎಂಟು ನಿಮಿಷದ ನಡಿಗೆ. ಎಂಟು ನಿಮಿಷ.

ಅವರು ಮನೆಯಲ್ಲೇ ಜಾರಿ ಬಿದ್ದಿದ್ದರು. ಒಂದು ಇಡೀ ದಿನ ಹಾಗೇ ಇದ್ದರಂತೆ. ಅಂಚೆಯವನು ಕಾಗದಗಳು ಹಾಗೇ ಬಿದ್ದಿರುವುದು ನೋಡಿ ಯಾರಿಗೋ ಹೇಳಿದ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹತ್ತಿತು. ಮಾರ್ಚ್ ಮಧ್ಯದಲ್ಲಿ ಹೋಗಿಬಿಟ್ಟರು. ನನಗೆ ಗೊತ್ತಾಗಿದ್ದು ಸಭೆಯಿಂದ ಎಲ್ಲರಿಗೂ ಬಂದ ಇಮೇಲ್‌ನಿಂದ.

ಇಲ್ಲಿಯವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರು ಬೆಳೆದದ್ದೇ ಹಾಗೆ. ನಾನು ಹಾಗೆ ಬೆಳೆದವಳಲ್ಲ. ನಮ್ಮ ಬೀದಿಯಲ್ಲಿ ಹಾಲಿನ ಪ್ಯಾಕೆಟ್ ಹತ್ತು ಗಂಟೆಯವರೆಗೆ ಬಾಗಿಲಲ್ಲೇ ಬಿದ್ದಿದ್ದರೆ ಅಮ್ಮ ಹಿತ್ತಲಿಂದ ಹೋಗಿ ಕಿಟಕಿ ತಟ್ಟುತ್ತಿದ್ದರು. ಅಂಥ ಅಮ್ಮನ ಮಗಳು ನಾನು. ಇಲ್ಲಿಯವರ ಹಾಗಾಗಬೇಕು, ಯಾರೂ ನನ್ನನ್ನು ಒರಟು ಅನ್ನಬಾರದು ಅಂತ ಹದಿನಾಲ್ಕು ವರ್ಷ ಒಂದೊಂದಾಗಿ ಕಲಿತೆ. ಕಲಿತದ್ದು ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಆ ಫೆಬ್ರವರಿಯಲ್ಲಿ ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ಹೇಳದೆ ಹೋದರೆ ಏನಂದುಕೊಳ್ಳುತ್ತಾರೋ ಅಂತ ವಾಪಸ್ ಬಂದು ಕೂತೆ.

ಏಪ್ರಿಲ್‌ನಲ್ಲಿ ಅವರ ನೆನಪಿನ ಸಭೆ ನಡೆಯಿತು. ಎಲ್ಲರೂ ಎದ್ದು ಒಂದೊಂದು ಮಾತು ಹೇಳಿದರು. ನನ್ನ ಕೈಲಿ ಆಗಲಿಲ್ಲ. ಕಾಫಿ ಹೊತ್ತಿಗೆ ದೂರದ ಊರಿಂದ ಬಂದಿದ್ದ ಅಜ್ಜಿಯ ಮಗಳು ಹುಡುಕಿಕೊಂಡು ಬಂದು, ಇದು ನಿಮ್ಮದೇ ಇರಬೇಕು ಅಂತ ಡಬ್ಬಿ ಕೊಟ್ಟಳು. ಡಿಸೆಂಬರ್‌ನಲ್ಲಿ ಕೊಟ್ಟಿದ್ದ ಡಬ್ಬಿ. ತೊಳೆದು ಒರೆಸಿದ್ದರು. ಒಳಗೆ ಏನೂ ಇರಲಿಲ್ಲ. ಪಾಪ, ಅವಳಿಗೆ ಹೇಗೆ ಗೊತ್ತಿರಬೇಕು.

ಅದಕ್ಕೇ ಹೇಳುವುದು, ಬೂಟು ಕಳಚುವುದು ಬಿಟ್ಟರೆ ಪರವಾಗಿಲ್ಲ, ಕೈಯಲ್ಲಿ ಊಟ ಮಾಡುವುದನ್ನು ನಾಲ್ಕು ಜನರೆದುರು ಬಿಟ್ಟರೂ ಪರವಾಗಿಲ್ಲ. ಬಾಗಿಲು ತಟ್ಟುವುದನ್ನು ಮಾತ್ರ ಬಿಡಬೇಡಿ. ಒಬ್ಬಿಬ್ಬರು ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಸೆಪ್ಟೆಂಬರ್‌ನ ಲೇಬರ್ ಡೇ ಆದ ಮೇಲಿನ ಆ ಭಾನುವಾರ ನೀರು ಸೇರಿಸುವ ದಿನ. ಬೇಸಿಗೆಯಲ್ಲಿ ಹೋದ ಜಾಗದಿಂದ ಒಬ್ಬೊಬ್ಬರು ಒಂದಿಷ್ಟು ನೀರು ತಂದು ಒಂದೇ ಬಟ್ಟಲಿಗೆ ಸುರಿಯುತ್ತಾರೆ. 1980ರಲ್ಲಿ ಮಿಷಿಗನ್‌ನ ಒಂದು ಮಹಿಳಾ ಸಮಾವೇಶಕ್ಕೆ ಇಬ್ಬರು ಹೆಂಗಸರು ಹುಟ್ಟುಹಾಕಿದ ಆಚರಣೆ ಇದು. ನಮ್ಮಲ್ಲಿ ಆ ನೀರನ್ನು ಸ್ವಲ್ಪ ತೆಗೆದಿಟ್ಟು, ಕಾಯಿಸಿ, ಮಕ್ಕಳಿಗೆ ಹೆಸರಿಡುವಾಗ ಬಳಸುತ್ತಾರೆ. ಬೇಸಿಗೆ ಶುರುವಾಗುವ ಮೊದಲು ಹೂವಿನ ದಿನವೂ ಇದೆ. ಒಂದು ಹೂವು ತಂದು, ಬೇರೆಯವರು ತಂದ ಹೂವನ್ನು ಮನೆಗೆ ಒಯ್ಯುವುದು. 1923ರಲ್ಲಿ ಪ್ರಾಗ್‌ನಲ್ಲಿ ಅದನ್ನು ಶುರು ಮಾಡಿದ ಮಿನಿಸ್ಟರ್ ನಾರ್ಬರ್ಟ್ ಚಾಪೆಕ್ ಅವರನ್ನು 1942ರಲ್ಲಿ ನಾಜಿಗಳು ಕೊಂದರು. ನಾನು ಒಂದು ವರ್ಷ ತುಂಗೆಯ ನೀರು ತಂದಿದ್ದೆ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು. ನೀವು ಊರಿಂದ ತಂದಿಲ್ಲ ಅಂತ ಬೇಜಾರು ಬೇಡ, ಅಡುಗೆಮನೆಯ ನಲ್ಲಿ ನೀರೇ ಸಾಕು.

ನಿಮ್ಮ ಚರ್ಚು ಯಾವುದು ಅಂತ ಬೋರ್ಡಿನ ವಿವರಣೆಯಿಂದ ಗೊತ್ತಾಯಿತು, ನಮ್ಮದೇ. ಬಾಗಿಲು ದಾಟಿದರೆ ಎಡಗಡೆ ಕೊನೆಯ ಬೆಂಚು. ಕಿಟಕಿ ಪಕ್ಕದ ಜಾಗ ಖಾಲಿ ಇದೆ, ಮಗಳನ್ನು ಅಲ್ಲಿ ಕೂರಿಸಿ. ಮನೆಯ ವಿಳಾಸವನ್ನು ನನಗೊಬ್ಬಳಿಗೇ ಬರೆದು ಕಳಿಸಿ. ಎರಡು ಭಾನುವಾರ ನೀವು ಕಾಣಿಸಲಿಲ್ಲ ಅಂದರೆ ಡಬ್ಬಿ ಹಿಡಿದುಕೊಂಡು ಬಂದುಬಿಡುತ್ತೇನೆ. ಫೋನ್ ಮಾಡುವುದಿಲ್ಲ.